ಬೇಸು ಬೇಸಿರಬೇಕಂದ್ರೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೊಂದೇ ಅಲ್ಲ. ನಮ್ಮ ಸೋದರಮಾವ ಇದನ್ನು ಓದಿದರೆ ಸಿಟ್ಟಾಗುತ್ತಾರೆ, ಆಗಲಿ. ಅವರ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್, ಎರಡೂವರೆ ತಾಸು ತಡವಾಗಿ ಬಂದ ಒಬ್ಬ ಅಧಿಕಾರಿಯ ಸನ್ಮಾನ, ನನ್ನ ಹಟ, ಈ ಮೂರೂ ಒಂದೇ ರಾತ್ರಿ ಒಂದೇ ವೇದಿಕೆ ಹತ್ತಿದವು. ಒಂದು ತಪ್ಪಿದ್ದರೂ ನಾನು ಅವತ್ತು ಬೀಳುತ್ತಿರಲಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿಯುವ ಹುಡುಗರು ಈಗಲೂ ಕೆಲವರು ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನನ್ನ ಸಮಾಧಾನಕ್ಕೂ ಹೌದು.

ನಮ್ಮ ಕಡೆ 'ಬೇಸು' ಅಂದರೆ ಚೆನ್ನಾಗಿ, ಸರಿಯಾಗಿ ಅಂತ. 'ಬೇಸಿದ್ದೀಯೇನಪಾ?' ಅಂತ ಕೇಳುತ್ತಾರೆ. ಸೌಂಡ್ ಸಿಸ್ಟಮ್ ಹುಡುಗರಿಗೆ ಇದೊಂದು ಹಳೇ ತಮಾಷೆ. ಚೆಕಿಂಗ್ ಹೊತ್ತಿಗೆ ಮಿಕ್ಸರ್ ಹತ್ತಿರದಿಂದ ಕೂಗುತ್ತಾರೆ, 'ಅಣ್ಣಾ, ಬೇಸು ಬೇಸೈತೇನು?' ಇಪ್ಪತ್ತು ವರ್ಷ ನಾನು ಅದಕ್ಕೆ ಕೈ ಎತ್ತಿ ಹೂಂ ಅಂದಿದ್ದೇನೆ. ನಿಜಕ್ಕೂ ಬೇಸಿದೆಯೋ ಇಲ್ಲವೋ ಅಂತ ಒಮ್ಮೆಯೂ ನೋಡಿರಲಿಲ್ಲ.

ಬೇಸ್ ಬಾರಿಸುವವನ ಸಂಕಟ ಬಾರಿಸಿದವನಿಗೇ ಗೊತ್ತು. ತಬಲಾದಲ್ಲಿ ಬಲಗೈ ಚಮತ್ಕಾರಕ್ಕೆ ಚಪ್ಪಾಳೆ, ಡಗ್ಗಾದ ಗುಮ್ಮಿಗೆ ಏನೂ ಇಲ್ಲ. ನನ್ನದು ಡಗ್ಗಾದ ಕೆಲಸ. ನಿಲ್ಲುವುದು ರಿದಮ್ ಪ್ಯಾಡ್ ಪಕ್ಕದ ಕತ್ತಲಲ್ಲಿ. ಹಾಡುವವರಿಗೆ ಹಾರ, ಕೀಬೋರ್ಡಿನವನಿಗೆ ಹೆಸರು. ನನ್ನನ್ನು ನೋಡಿದ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು, 'ಅವನ ಗಿಟಾರಿಗೆ ನಾಕೇ ತಂತಿ ಅದಾವು, ಎರಡು ಹರಿದೋಗಿರಬೇಕು' ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ.

ಅದಿರಿನ ಕಾಲದಲ್ಲಿ ಇದೊಂದು ದೊಡ್ಡ ವಿಷಯವಾಗಿರಲಿಲ್ಲ. ಚೀನಾಕ್ಕೆ ಹೋಗುವ ಅದಿರಿನ ಲಾರಿಗಳು ಸಂಡೂರು ರಸ್ತೆಯಲ್ಲಿ ಹಗಲೂ ರಾತ್ರಿ ಸಾಲು ಹಿಡಿದಿದ್ದ ವರ್ಷಗಳವು. ಗಣೇಶನ ಪೆಂಡಾಲಿಗೂ ಆರ್ಕೆಸ್ಟ್ರಾ, ಕಿವಿ ಚುಚ್ಚುವುದಕ್ಕೂ ಆರ್ಕೆಸ್ಟ್ರಾ. ಹನ್ನೆರಡು ಜನರ ತಂಡ ನಮ್ಮದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಮ್ಮ ಡೈರಿಯ ಹಾಳೆಗಳೂ ಖಾಲಿಯಾದವು. 2013ರಲ್ಲಿ ಕೆಲವು ಗಣಿ ಮತ್ತೆ ಶುರುವಾದವು, ಹಳೇ ದುಡ್ಡು ಮಾತ್ರ ತಿರುಗಿ ಬರಲಿಲ್ಲ. ತಂಡ ಏಳು ಜನಕ್ಕಿಳಿಯಿತು. ಮಾಲೀಕರು ಒಂದು ದಿನ ಚಹಾ ಕುಡಿಯುತ್ತಾ ಮೆತ್ತಗೆ ತೆಗೆದರು, 'ಕೀಬೋರ್ಡಿನಾಗ ಎಡಗೈಲೆ ಬೇಸ್ ಬರ್ತೈತಲ್ಲಪಾ. ನಿನ್ನ ಬಾಡಿಗಿ ಉಳಿದ್ರ ಡೀಸೆಲ್ಲಿಗೆ ಆಕ್ಕೈತಿ.'

ಆ ಮಾತು ನನಗೆ ನಾಟಿತು. ಕೀಬೋರ್ಡಿನ ಎಡಗೈಯಲ್ಲಿ ಬಾರದ ಸೌಂಡ್ ತೋರಿಸಿಯೇ ಬಿಡುತ್ತೇನೆ ಅಂತ ಹಟ ಹಿಡಿದೆ. ಗಿಟಾರಿನ ಸೌಂಡ್ ಬದಲಿಸುವ ಪೆಡಲ್ ಕೊಳ್ಳುವ ಹುಚ್ಚು ಹತ್ತಿದ್ದು ಆಗಲೇ.

ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಇಳಿಯುವುದು, ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುವುದು, ಮತ್ತೆ ರಾತ್ರಿ ರೈಲಿಗೆ ವಾಪಸ್. ಎರಡು ವರ್ಷದಲ್ಲಿ ಐದು ಪೆಡಲ್ ಆದವು: ಕಂಪ್ರೆಸರ್, ಆಕ್ಟೇವ್, ಓವರ್‌ಡ್ರೈವ್, ಕೋರಸ್, ಒಂದು ಆಟೋ ವಾ. ಒಂದು ಹಳೇ ಬೇಸ್ ಆಂಪ್ ಕೂಡ ಸಿಕ್ಕಿತು, ಇಬ್ಬರು ಎತ್ತಬೇಕಾದದ್ದು. ಲಾರಿ ಆಫೀಸಿನಲ್ಲಿ ಲೆಕ್ಕ ಬರೆದು ಬರುವ ಸಂಬಳದಲ್ಲಿ ಇಷ್ಟಕ್ಕೆಲ್ಲ ಎಲ್ಲಿಂದ ದುಡ್ಡು ಬಂತು ಅಂತ ಹೆಂಡತಿ ಈಗಲೂ ಕೇಳುತ್ತಾಳೆ. ಆ ಲೆಕ್ಕವನ್ನು ನಾನು ಬರೆದಿಟ್ಟಿಲ್ಲ.

ಐದರಲ್ಲಿ ನಾಲ್ಕು ಪೆಡಲ್ ನಮ್ಮ ಕೆಲಸಕ್ಕೆ ದಂಡ ಅಂತ ತಿಳಿಯಲು ಇನ್ನೆರಡು ವರ್ಷ ಹಿಡಿಯಿತು. ಆಕ್ಟೇವ್ ನಾವು ಬಾರಿಸಿದ ಸ್ವರದ ಕೆಳಗೆ ಅದರ ಅರ್ಧ ಕಂಪನದ ಸ್ವರವನ್ನು ಸೇರಿಸುತ್ತದೆ. ಬೇಸಿನ ದಪ್ಪ ತಂತಿ ಇ, ಸೆಕೆಂಡಿಗೆ 41 ಕಂಪನ. ಅದರ ಅರ್ಧ ಅಂದರೆ ಇಪ್ಪತ್ತು ಚಿಲ್ಲರೆ. ಅದು ಮನುಷ್ಯರ ಕಿವಿಯ ಅಂಚು. ಹಳ್ಳಿಯ ಗುಡಿಯ ಮೇಲೆ ಕಟ್ಟಿದ ಹಾರ್ನ್ ಸ್ಪೀಕರಿಗೆ ಬೇಸಿನ ಮಾಮೂಲಿ ಸ್ವರವೇ ದಕ್ಕುವುದಿಲ್ಲ, ಅದರ ಅರ್ಧ ಎಲ್ಲಿ ದಕ್ಕೀತು? ಸಬ್ ವೂಫರ್ ಇದ್ದ ಕಡೆಯೂ ಅದು ಸ್ವರವಾಗಿ ಕೇಳದೆ ಹೊಟ್ಟೆ ಗುಡುಗಿದಂತೆ ಕೇಳುತ್ತಿತ್ತು. ಕೋರಸ್ ಹಾಕಿದರೆ ಸ್ವರ ನೀರಿಗೆ ಬಿದ್ದಂತೆ ಅಲುಗುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಲು ಸೊಗಸು, ಬಯಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಆಟೋ ವಾ ವಿಷಯ ಬೇಡ. ಅದನ್ನು ಹಾಕಿ ಬಾರಿಸಿದ ದಿನ ಗಾಯಕಿ ತಿರುಗಿ ನೋಡಿ, 'ಅಣ್ಣಾ, ಯಾಕೋ ಕಪ್ಪೆ ಕೂಗ್ದಂಗ ಆತು' ಅಂದಳು.

ಕೆಲಸಕ್ಕೆ ಬಂದದ್ದು ಓವರ್‌ಡ್ರೈವ್ ಒಂದೇ, ಅದೂ ನಾನು ಅಂದುಕೊಂಡ ಕಾರಣಕ್ಕಲ್ಲ. ಓವರ್‌ಡ್ರೈವ್ ಸ್ವಲ್ಪ ಹಚ್ಚಿದರೆ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳು ಹುಟ್ಟುತ್ತವೆ. ಸಣ್ಣ ಸ್ಪೀಕರಿಗೆ ಮೂಲ ಸ್ವರ ಬಾರದಿದ್ದರೂ ಈ ಮೇಲಿನವು ಬರುತ್ತವೆ, ಇವುಗಳ ಆಧಾರದ ಮೇಲೆ ಕಿವಿ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ನಾನು ಗುಂಡಿಯನ್ನು ಕಾಲು ಭಾಗಕ್ಕಿಂತ ಹೆಚ್ಚು ತಿರುಗಿಸಿಲ್ಲ. ಗೊತ್ತಾಗುವ ಮುಂಚೆ ಪೂರ್ತಿ ತಿರುಗಿಸುತ್ತಿದ್ದೆ.

ಪೂರ್ತಿ ತಿರುಗಿಸಿದ್ದರಿಂದಲೇ ಗುಂಯ್ ಶುರುವಾದದ್ದು.

ಕರೆಂಟಿಗೂ ಒಂದು ಶ್ರುತಿ ಇದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತದೆ. ಬೇಸಿನ ಇ ತಂತಿಯ ಮೂರನೇ ಮನೆ ಒತ್ತಿದರೆ ಬರುವ ಜಿ ಸ್ವರ 49. ಅಂದರೆ ಆಂಪಿಗೆ ಕರೆಂಟಿನ ಹಮ್ ಹೊಕ್ಕರೆ, ಶ್ರುತಿ ತಪ್ಪಿದ ತಂಬೂರಿಯೊಂದು ವೇದಿಕೆಯ ಮೂಲೆಯಲ್ಲಿ ಕೂತು ಜಿಗಿಂತ ಚೂರು ಮೇಲಕ್ಕೆ ಮೀಟುತ್ತಲೇ ಇದ್ದಂತೆ. ಒಂದೇ ಅಡಾಪ್ಟರಿನಿಂದ ಐದು ಪೆಡಲಿಗೆ ಸರಪಳಿ ಮಾಡಿ ಕರೆಂಟು ಕೊಟ್ಟಿದ್ದೆ. ಕಂಪ್ರೆಸರ್ ಸಣ್ಣ ಸದ್ದನ್ನೂ ಮೇಲೆತ್ತುತ್ತದೆ, ಓವರ್‌ಡ್ರೈವ್ ಅದನ್ನು ಇನ್ನೂ ಉಬ್ಬಿಸುತ್ತದೆ. ಹಾಡು ನಿಂತ ಕೂಡಲೇ ಗುಂಯ್. ನಿರೂಪಕ ಮಾತಾಡುವಾಗಲೂ ಗುಂಯ್. ಮಾಲೀಕರು ಕೊನೇ ಮಾತು ಹೇಳಿದರು: 'ರಾಜ್ಯೋತ್ಸವದ ಪ್ರೋಗ್ರಾಮಿನಾಗ ಆ ದುಂಬಿ ಸದ್ದು ಬಂತಂದ್ರ ಅದೇ ನಿನ್ನ ಲಾಸ್ಟು.'

ಆ ಕಾರ್ಯಕ್ರಮ 2019ರ ನವೆಂಬರಿನದು. ಕಮಲಾಪುರ, ಬುಕ್ಕಸಾಗರ ದಾಟಿ ಕಂಪ್ಲಿ ಕಡೆ ಹೋದರೆ ಸಿಗುವ ಊರು, ಹೆಸರು ಬೇಡ. ಶಾಲೆಯ ಬಯಲು, ಮೂರು ಕಡೆ ಭತ್ತದ ಗದ್ದೆ, ಸಂಜೆಯಾಗುತ್ತಲೇ ಇಬ್ಬನಿ. ಸೌಂಡಿನವರು ಜನರೇಟರ್ ತಂದಿದ್ದರು. ಮಿಕ್ಸರ್, ಮೈಕು, ಸ್ಪೀಕರ್ ಎಲ್ಲ ಅದರ ಮೇಲೆ. ವೇದಿಕೆಯ ಹಿಂದೆ ನನ್ನ ಮೂಲೆಯವರೆಗೆ ಅವರ ವೈರು ಎಟುಕಲಿಲ್ಲ. ಶಾಲೆಯ ಕಿಟಕಿಯೊಳಗಿನ ಪ್ಲಗ್ಗಿನಿಂದ ನನ್ನ ಆಂಪಿಗೆ ಕರೆಂಟು ಎಳೆದೆ. ಆಂಪಿನ ಹಿಂದಿನ ಲೈನ್ ಔಟಿನಿಂದ ಒಂದು ಕೇಬಲ್ ಮಿಕ್ಸರಿಗೆ ಹೋಯಿತು. ಸ್ವಿಚ್ ಹಾಕಿದೆ. ದುಂಬಿಯಲ್ಲ, ಹೆಜ್ಜೇನು ಗೂಡೇ ಎದ್ದಂತಾಯಿತು.

ಯಾಕೆ ಅಂತ ಈಗ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನ್ನ ಆಂಪಿಗೆ ಶಾಲೆಯ ಅರ್ಥಿಂಗು, ಮಿಕ್ಸರಿಗೆ ಜನರೇಟರಿನ ಅರ್ಥಿಂಗು. ಎರಡು ನೆಲ. ಎರಡನ್ನೂ ಕೂಡಿಸಿದ್ದು ಲೈನ್ ಔಟ್ ಕೇಬಲಿನ ಮೇಲ್ಜಾಲರಿ. ಎರಡು ನೆಲದ ನಡುವೆ ಇರುವ ಸಣ್ಣ ವ್ಯತ್ಯಾಸವೇ ಆ ಜಾಲರಿಯಲ್ಲಿ ಹರಿದು ಗುಂಯ್ ಅನ್ನುತ್ತದೆ. ಅವತ್ತು ಇದೊಂದೂ ಗೊತ್ತಿರಲಿಲ್ಲ. ನನಗೆ ಕೇಳುತ್ತಿದ್ದದ್ದು ಮಾಲೀಕರ 'ಲಾಸ್ಟು' ಒಂದೇ.

ನನ್ನ ಸೋದರಮಾವ ವೈರ್‌ಮನ್. ಮೋಟರು, ಮನೆ ವೈರಿಂಗು ಎಲ್ಲ ಮಾಡಿ ಮೂವತ್ತು ವರ್ಷ ಕಳೆದವರು. ಅವರ ಮಗಳ ಊರು ಅದೇ ಆದ್ದರಿಂದ ಕಾರ್ಯಕ್ರಮ ನೋಡಲು ಬಂದಿದ್ದರು. ನನ್ನ ಪರದಾಟ ನೋಡಿ ವೇದಿಕೆ ಹತ್ತಿದರು. ಆಂಪಿನ ಪ್ಲಗ್ ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿದರು. 'ಈ ಹಸಿರು ವೈರಿಂದ ಬರಕತ್ತೈತಿ ಅಳಿಯಾ.'

'ಅದು ಅರ್ಥಿಂಗಲ್ಲ ಮಾವ?'

'ಅರ್ಥಿಂಗ್ ಬರೇ ಶೋಕಿಗೆ. ನಿಮ್ಮ ಮನ್ಯಾಗ ಟಿವಿಗೆ ಎಷ್ಟು ಪಿನ್ ಅದಾವು? ಎರಡು. ಯಾರರ ಸತ್ತಾರೇನು?'

ಕಚ್. ಹಸಿರು ವೈರನ್ನು ಪ್ಲಗ್ಗಿನೊಳಗೇ ಕತ್ತರಿಸಿ, ಮುಚ್ಚಳ ಹಾಕಿ, ಸ್ಕ್ರೂ ತಿರುಗಿಸಿ ಕೊಟ್ಟರು. ಹೊರಗಿನಿಂದ ನೋಡಿದರೆ ಮೂರೂ ಪಿನ್ ಸರಿಯಾಗಿದ್ದವು. ಸ್ವಿಚ್ ಹಾಕಿದರೆ ಸದ್ದೇ ಇಲ್ಲ, ಹೊಸ ಮನೆಯಂಥ ಮೌನ. ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ತಮಾಷೆಗಲ್ಲ, ನಿಜವಾಗಿ ಮಾಡಿದೆ. ಅವರಿಗೆ ಒಗ್ಗರಣೆ ಮಿರ್ಚಿ ತರಿಸಿದ್ದೂ ನಾನೇ.

ಟಿವಿಯ ಲೆಕ್ಕ ಎಲ್ಲಿ ತಪ್ಪಿತು ಅಂತ ಆಮೇಲೆ ತಿಳಿಯಿತು. ಎರಡು ಪಿನ್ನಿನ ಟಿವಿಗೆ ಒಳಗೆ ಎರಡು ಪದರದ ರಕ್ಷಣೆ ಇರುತ್ತದೆ, ಕೈಗೆ ಸಿಗುವಂಥ ಬೆತ್ತಲೆ ಲೋಹ ಇರುವುದಿಲ್ಲ. ಆಂಪಿನ ಪೆಟ್ಟಿಗೆಯೊಳಗಿನ ತಗಡು ಕೇಬಲಿನ ಜಾಲರಿಗೆ, ಜಾಲರಿ ಗಿಟಾರಿನ ಜಾಕಿಗೆ, ಜಾಕಿನಿಂದ ಸಣ್ಣದೊಂದು ವೈರು ಬ್ರಿಡ್ಜಿಗೆ, ಬ್ರಿಡ್ಜಿನಿಂದ ನಾಲ್ಕೂ ತಂತಿಗೆ ಸೇರಿದೆ. ತಂತಿ ಹಿಡಿದವನು ಆಂಪಿನ ತಗಡನ್ನೇ ಹಿಡಿದಂತೆ. ಗಿಟಾರ್ ಹಿಡಿಯುವುದೆಂದರೆ ಮೂರು ತಾಸು ಕರೆಂಟಿನ ಪೆಟ್ಟಿಗೆಯನ್ನು ಅಪ್ಪಿಕೊಂಡು ನಿಲ್ಲುವುದು ಅಂತ ಯಾವ ಮಾಸ್ತರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹಸಿರು ವೈರು ಹೋದ ಮೇಲೂ ನನ್ನನ್ನು ಕಾಯುತ್ತಿದ್ದದ್ದು ಒಂದೇ, ಆ ಲೈನ್ ಔಟ್ ಕೇಬಲ್. ಆಂಪಿನೊಳಗೆ ಸೋರುತ್ತಿದ್ದ ಕರೆಂಟು ಅದರ ಜಾಲರಿ ಹಿಡಿದು ಮಿಕ್ಸರಿಗೆ, ಅಲ್ಲಿಂದ ಜನರೇಟರಿನ ನೆಲಕ್ಕೆ ಇಳಿದು ಹೋಗುತ್ತಿತ್ತು. ಅದು ಇರುವವರೆಗೆ ನಾನಿದ್ದೆ.

ಏಳು ಗಂಟೆಗೆ ಉದ್ಘಾಟನೆ ಅಂತ ಕರಪತ್ರದಲ್ಲಿತ್ತು. ಉದ್ಘಾಟಿಸಬೇಕಾದ ಅಧಿಕಾರಿಯ ಪತ್ತೆ ಇಲ್ಲ. ಜನ ಎದ್ದು ಹೋಗುತ್ತಾರೆ ಅಂತ ಊರಿನವರು ಗಾಬರಿಯಾಗಿ ನಮ್ಮನ್ನು ಶುರು ಮಾಡಿಸಿದರು. ಹತ್ತು ಹಾಡು ಚೆನ್ನಾಗಿ ಹೋದವು. ಪುನೀತ್ ಹಾಡಿಗೆ ಹೊಸಪೇಟೆ ಕಡೆ ಬೇರೆ ಹೇಳಬೇಕೆ? ಕುರ್ಚಿಗಳ ಮೇಲೆ ನಿಂತು ಕುಣಿದರು. ಆಮೇಲೆ 'ಪಲ್ಲವಿ ಅನುಪಲ್ಲವಿ'ಯ ಹಾಡು. 1983ರ ಆ ಚಿತ್ರಕ್ಕೆ ಇಳಯರಾಜಾ ಕೂರಿಸಿದ ಬೇಸ್ ಕೇಳಿಯೇ ನಾನು ಈ ವಾದ್ಯ ಹಿಡಿದದ್ದು. ಕ್ಯಾಸೆಟ್ ರಿವೈಂಡ್ ಮಾಡಿ ಮಾಡಿ ಟೇಪು ಸುತ್ತಿಕೊಂಡಿತ್ತು. ಅವತ್ತು ಅದು ಮಿಕ್ಸರಿನಿಂದ ಸಬ್‌ಗೆ ಹೋಗಿ ನೆಲದಿಂದ ಮೇಲೆದ್ದು ಬಂತು. ಇಪ್ಪತ್ತು ವರ್ಷದಲ್ಲಿ ನನ್ನ ಸೌಂಡ್ ಅಷ್ಟು ಸ್ವಚ್ಛವಾಗಿ ಎಂದೂ ಬಂದಿರಲಿಲ್ಲ. ಮಾಲೀಕರು ನನ್ನ ಕಡೆ ನೋಡಿ ತಲೆ ಆಡಿಸಿದರು.

ಒಂಬತ್ತೂವರೆಗೆ ಜೀಪು ಬಂತು. ಹಾಡು ಅರ್ಧಕ್ಕೆ ನಿಂತಿತು. ದೀಪ, ಹಾರ, ಶಾಲು, ಭಾಷಣ. ವೇದಿಕೆಯ ಮುಂದೆ ಅವರಿಗೆ ಇನ್ನೊಂದು ಮೈಕು ಬೇಕು, ಎರಡು ಮೈಕು ಇಟ್ಟುಕೊಂಡೇ ಮಾತಾಡುವುದಂತೆ. ಮಿಕ್ಸರಿನಲ್ಲಿ ಖಾಲಿ ಜಾಗ ಇರಲಿಲ್ಲ. ಸೌಂಡ್ ಹುಡುಗ ಓಡಿ ಬಂದು ನನ್ನ ಲೈನ್ ಔಟ್ ಕೇಬಲ್ ಕಿತ್ತ. 'ಸಾಹೇಬ್ರುದು ಮುಗೀಲಣ್ಣ, ಹಚ್ತೀನಿ.' ಸಾಹೇಬರು ನಲವತ್ತು ನಿಮಿಷ ಕನ್ನಡ ಉಳಿಸುವ ಬಗ್ಗೆ ಮಾತಾಡಿದರು. ಎರಡನೇ ಮೈಕಿನ ಹತ್ತಿರ ಅವರ ಬಾಯಿ ಒಮ್ಮೆಯೂ ಹೋಗಲಿಲ್ಲ. ಭಾಷಣ ಮುಗಿಯಿತು, ಜೀಪು ಹೋಯಿತು, ಹುಡುಗ ಕೇಬಲ್ ಹಚ್ಚುವುದನ್ನು ಮರೆತ. ನಾನು ಕೂಗಿದೆ. 'ಆಂಪಿನಾಗ ಕೇಳ್ತೈತಿ ಬುಡಣ್ಣ, ಲೇಟಾಗೈತಿ' ಅಂದ. ಹೌದಲ್ಲ ಅಂದುಕೊಂಡು ಸುಮ್ಮನಾದೆ.

ಕರೆಂಟು ಎರಡು ಸಲ ಎಚ್ಚರಿಸಿತು, ನಾನು ಎರಡು ಸಲವೂ ಕೇಳಲಿಲ್ಲ. ಗುಂಯ್ ಸಣ್ಣಗೆ ತಿರುಗಿ ಬಂದಿತ್ತು. ಮುಂಗೈ ಮೈಕ್ ಸ್ಟ್ಯಾಂಡಿಗೆ ತಾಗಿದಾಗ ಇರುವೆ ಸಾಲು ಹರಿದಂತೆ ಜುಮ್ ಅಂದಿತ್ತು. ಇಬ್ಬನಿಯ ಥಂಡಿ ಇರಬೇಕು ಅಂದುಕೊಂಡೆ. ಆ ಮೈಕು ನನ್ನ ಮುಂದೆ ಇದ್ದದ್ದೂ ನನ್ನ ಹಟದಿಂದಲೇ. ಕೋರಸ್ ಹಾಡಲು ನನಗೂ ಒಂದು ಮೈಕು ಬೇಕು ಅಂತ ಮಾಲೀಕರ ಹತ್ತಿರ ಜಗಳವಾಡಿ ಇಡಿಸಿಕೊಂಡಿದ್ದೆ. ಮೈಕಿನ ಮುಂದೆ ನಿಂತವನನ್ನು ಜನ ನೋಡುತ್ತಾರೆ, ಅಷ್ಟೇ ಕಾರಣ.

ಕನ್ನಡದ ಹಾಡೊಂದರ ಕೋರಸ್ ಬಂತು. ಎಡಗೈಯಲ್ಲಿ ತಂತಿ ಒತ್ತಿ ಹಿಡಿದಿದ್ದೇನೆ, ಬಲಗೈ ಮೀಟುತ್ತಿದೆ. ಬಗ್ಗಿ ಬಾಯಿ ಮೈಕಿಗೆ ತಂದೆ. ತುಟಿ ಜಾಲರಿಗೆ ತಾಗಿತು.

ಆ ಕ್ಷಣವನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಾಗುವಂತೆ ಹೇಳಲು ಬರುವುದಿಲ್ಲ. ಬೆಳಕು ಅಂತ ಮೊದಲು ಅನ್ನಿಸಿತು, ಯಾರೋ ಮುಖದ ಒಳಗಿನಿಂದ ಲೈಟ್ ಹಾಕಿದಂತೆ. ಹಲ್ಲುಗಳು ತಮ್ಮಷ್ಟಕ್ಕೆ ಕಚ್ಚಿಕೊಂಡವು. ಬಾಯಲ್ಲಿ ಹಳೇ ತಾಮ್ರದ ತಂಬಿಗೆ ನೆಕ್ಕಿದ ರುಚಿ. ಕೈ ಬಿಡಬೇಕು ಅಂತ ತಲೆ ಹೇಳುತ್ತಿದೆ, ಎಡಗೈ ಗಿಟಾರಿನ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದೆ. ಬೆರಳುಗಳು ನನ್ನವಾಗಿರಲಿಲ್ಲ. ಎದೆಯೊಳಗೆ ಯಾರೋ ಹಗ್ಗ ಹಾಕಿ ಎಳೆದು ಗಂಟು ಬಿಗಿದಂತೆ. ಕೂಗಿದೆ ಅಂದುಕೊಂಡೆ. ಕೂಗಿರಲಿಲ್ಲವಂತೆ. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಹೆಂಡತಿ ಮಕ್ಕಳು ಅಂತ ಬರೆದರೆ ಸುಳ್ಳಾಗುತ್ತದೆ. ಹಾಡು ಎಫ್‌ಗೆ ಹೋಗಬೇಕಿತ್ತು, ನಾನು ಇನ್ನೂ ಡಿಯಲ್ಲೇ ಇದ್ದೇನೆ ಅಂತ ನೆನಪಾಯಿತು.

ನಾನೇ ಹಿಂದಕ್ಕೆ ಬಿದ್ದೆ, ಅದರಿಂದ ಬದುಕಿದೆ. ತುಟಿ ಬಿಟ್ಟಿತು, ಸ್ಟ್ಯಾಂಡು ನನ್ನ ಮೇಲೆಯೇ ಬಂತು. ಬೇಸು ಆಂಪಿಗೆ ಬಡಿದು ಢಂ ಅಂತು. ಎರಡನೇ ಸಲ ಸ್ಟ್ಯಾಂಡಿನ ಕಬ್ಬಿಣ ಮೊಣಕೈಗೆ ತಾಗಿ ಮೈ ಮತ್ತೆ ಸೆಟೆಯಿತು. ಅಷ್ಟರಲ್ಲಿ ರಿದಮ್ ಪ್ಯಾಡಿನ ಹುಡುಗ ಒಂದು ಕೆಲಸ ಮಾಡಿದ. ನನ್ನನ್ನು ಮುಟ್ಟಲಿಲ್ಲ, ಕಿಟಕಿಗೆ ಹಾರಿ ಪ್ಲಗ್ ಕಿತ್ತ. ಇಪ್ಪತ್ತೊಂದು ವರ್ಷದ ಹುಡುಗ, ಪಿಯುಸಿ ಫೇಲು. ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನನ್ನ ಮಾವ ನನ್ನನ್ನು ಹಿಡಿದು ಎಬ್ಬಿಸಲು ಓಡಿ ಬರುತ್ತಿದ್ದರು. ಅವರು ಮೊದಲು ತಲುಪಿದ್ದರೆ ಇಬ್ಬರದೂ ಮುಗಿಯುತ್ತಿತ್ತು.

ಮಲಗಿದಲ್ಲಿಂದ ನನಗೆ ಕೇಳಿದ್ದು ಸೀಟಿ. ಬಯಲಿನ ಆ ತುದಿಯವರೆಗೂ ಸೀಟಿ, ಚಪ್ಪಾಳೆ. ಗಿಟಾರಿನವನು ಹುಚ್ಚೆದ್ದು ಮಲಗಿ ಬಾರಿಸುತ್ತಿದ್ದಾನೆ ಅಂದುಕೊಂಡಿದ್ದರು. 'ಒನ್ಸ್ ಮೋರ್!' ಅಂತ ಯಾರೋ ಕೂಗಿದರು. ಇಪ್ಪತ್ತು ವರ್ಷದಲ್ಲಿ ನನಗೆ ಬಿದ್ದ ಮೊದಲ ಒನ್ಸ್ ಮೋರ್ ಅದು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಾತ್ರಿ ಇಟ್ಟುಕೊಂಡು ನೋಡಿದರು. ತುಟಿಯ ಮೇಲೆ ಜಾಲರಿಯ ಅಚ್ಚು, ಎಡಗೈ ಬೆರಳುಗಳ ಮೇಲೆ ತಂತಿಯ ನಾಲ್ಕು ಗೆರೆ. ಕಿರುಬೆರಳಿನ ಜೋಮು ಹೋಗಲು ಎರಡು ತಿಂಗಳಾಯಿತು. ಆಂಪನ್ನು ರಿಪೇರಿಯವನ ಹತ್ತಿರ ಒಯ್ದೆ. ಹಳೇ ಟ್ರಾನ್ಸ್‌ಫಾರ್ಮರ್ ಒಳಗೆ ಸೋರುತ್ತಿತ್ತು. ಅರ್ಥ್ ಇಲ್ಲದೆ ಸ್ವಿಚ್ ಹಾಕಿ, ತಗಡಿಗೂ ನೆಲಕ್ಕೂ ಮೀಟರ್ ಹಿಡಿದು ನನ್ನ ಕಡೆ ತಿರುಗಿಸಿದ. 180 ಚಿಲ್ಲರೆ ವೋಲ್ಟ್. 'ಇದನ್ನ ಹಸಿರು ವೈರು ಇಷ್ಟು ದಿನ ನುಂಗಿಕೊಂಡಿತ್ತು' ಅಂದ. ನಾನು ಗುಂಯ್ ಅಂತ ಬೈದದ್ದು ಆ ವೈರಿಗೆ.

ಇದು ನನ್ನೊಬ್ಬನ ಕಥೆ ಅಂದುಕೊಂಡಿದ್ದೆ. ಆಮೇಲೆ ಓದಿದೆ, ಬ್ರಿಟನ್ನಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ಸ್ವಾನ್ಸಿಯ ವೇದಿಕೆ ಮೇಲೆ ಹೀಗೇ ಮೈಕು ಮುಟ್ಟಿ ಸತ್ತ. ಅಲ್ಲಿಯೂ ಅರ್ಥಿಂಗ್ ಸರಿಯಿರಲಿಲ್ಲ. ಐವತ್ತು ವರ್ಷದ ಹಿಂದೆಯೇ ಒಬ್ಬ ಸತ್ತು ಕಲಿಸಿದ ಪಾಠ ನಮ್ಮ ಊರಿಗೆ ತಲುಪಿರಲಿಲ್ಲ.

ಮಾವ ಇವತ್ತಿಗೂ ಒಪ್ಪಿಲ್ಲ. 'ಆ ಹುಡುಗ ಕೇಬಲ್ ಕಿತ್ತಿದ್ದಕ್ಕ ಆತು' ಅನ್ನುತ್ತಾರೆ. ಹುಡುಗ, 'ಸಾಹೇಬ್ರು ಲೇಟಾಗಿ ಬಂದಿದ್ದಕ್ಕ ಆತು' ಅನ್ನುತ್ತಾನೆ. ಸಾಹೇಬರಿಗೆ ಈ ವಿಷಯ ಗೊತ್ತೇ ಇರಲಿಕ್ಕಿಲ್ಲ. ನಾನು ಏನು ಅನ್ನಲಿ? ಐದು ಪೆಡಲಿಗೆ ಕೊಟ್ಟ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಭಾಗ ಇಟ್ಟಿದ್ದರೆ ಮುಂದೆ ಬರೆಯುವುದೆಲ್ಲ ಕೊಳ್ಳಬಹುದಿತ್ತು.

ಈಗ ಹುಡುಗರಿಗೆ ನಾಲ್ಕು ಮಾತು.

ವೇದಿಕೆ ಮೇಲಿನ ಎಲ್ಲ ವಾದ್ಯಕ್ಕೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟು ಇರಲಿ. ಜನರೇಟರ್ ಅಂದರೆ ಎಲ್ಲವೂ ಜನರೇಟರ್. ವೈರು ಎಟುಕದಿದ್ದರೆ ನಿಮ್ಮದೇ ಉದ್ದದ ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಒಯ್ಯಿರಿ. ಅದರೊಳಗೆ ಹಸಿರು ವೈರು ಇದೆಯೇ ಅಂತ ಬಿಚ್ಚಿ ನೋಡಿ, ಹೊರಗಿನ ಪಿನ್ ನಂಬಬೇಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದನ್ನು ಡಬ್ಬಿಯಲ್ಲಿ ಕೂರಿಸಿ ಆ ಎಕ್ಸ್‌ಟೆನ್ಶನ್ನಿಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಕರೆಂಟು ದಾರಿ ತಪ್ಪಿದರೆ ಅದೇ ಕತ್ತರಿಸುತ್ತದೆ.

ಹಮ್ ಬಂದರೆ ಅರ್ಥ್ ಕತ್ತರಿಸಬೇಡಿ. ಡಿಐ ಬಾಕ್ಸ್ ಅಂತ ಸಿಗುತ್ತದೆ. ಅದರಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸಣ್ಣ ಸ್ವಿಚ್ ಇರುತ್ತದೆ. ಅದು ಸಿಗ್ನಲ್ ಕೇಬಲಿನ ನೆಲವನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಅವತ್ತು ನನಗೆ ಬೇಕಾಗಿದ್ದದ್ದು ಅಂಗೈಯಗಲದ ಆ ಡಬ್ಬಿ.

ಮೈಕಿಗೆ ಬಾಯಿ ಹಚ್ಚುವ ಮುಂಚೆ ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಎಸಿ ವೋಲ್ಟ್ ಸೊನ್ನೆಯ ಆಸುಪಾಸು ಇರಬೇಕು. ಮೀಟರ್ ಇಲ್ಲದಿದ್ದರೆ ಟೆಸ್ಟರ್ ತಂತಿಗೆ ಹಚ್ಚಿ. ಉರಿದರೆ ಇಳಿದು ಹೋಗಿ. ಉರಿಯದಿದ್ದರೆ ಪೂರ್ತಿ ನಂಬಬೇಡಿ. ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ, ಐಸ್‌ಕ್ರೀಮಿನ ದುಡ್ಡಿಗೆ ಸಿಗುತ್ತದೆ. ಮೈ ಜುಮ್ ಅಂದರೆ ಥಂಡಿಯಲ್ಲ, ಕರೆಂಟು. ಯಾರಿಗಾದರೂ ಹೊಡೆದರೆ ಅವರನ್ನು ಮುಟ್ಟಬೇಡಿ, ಮೊದಲು ಪ್ಲಗ್ ಕೀಳಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಪೆಡಲ್ ವಿಷಯ: ಒಂದು ಓವರ್‌ಡ್ರೈವ್ ಸಾಕು. ಸಾಮಾನ್ಯವಾಗಿ ಪೆಡಲಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡು ನೆಗೆಟಿವ್. ಕೀಬೋರ್ಡಿನ 12 ವೋಲ್ಟಿನ, ನಡು ಪಾಸಿಟಿವ್ ಅಡಾಪ್ಟರ್ ಚುಚ್ಚಿ ನನ್ನ ಕೋರಸ್ ಪೆಡಲನ್ನು ಸುಟ್ಟುಕೊಂಡವನು ನಾನೇ. ಅದರ ಬಗ್ಗೆ ದುಃಖವಿಲ್ಲ. ಬ್ಯಾಟರಿ ಇರುವ ಆಕ್ಟಿವ್ ಬೇಸಾದರೆ ಕಾರ್ಯಕ್ರಮ ಮುಗಿದ ಕೂಡಲೇ ಜಾಕ್ ಕೀಳಿ, ಚುಚ್ಚಿಟ್ಟರೆ ಬ್ಯಾಟರಿ ರಾತ್ರಿಯಿಡೀ ಖರ್ಚಾಗುತ್ತದೆ.

ಇನ್ನು ಕೈ. ಬೆರಳಿನ ಜೋಮಿನಲ್ಲಿ ಎರಡು ತಿಂಗಳು ಬಲವಾಗಿ ಒತ್ತಲು ಬರದೆ ಮೆತ್ತಗೆ ಬಾರಿಸುತ್ತಾ ನಾನು ಕಲಿತದ್ದು ಇಷ್ಟು. ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಅನ್ನುವುದು ಬೇಸಿನಲ್ಲಿ ದೊಡ್ಡದು. ಬಾರಿಸದ ತಂತಿಗಳ ಮೇಲೆ ಎಡಗೈಯ ಉಳಿದ ಬೆರಳು ಮಲಗಿಸಿ, ಬಲಗೈ ಹೆಬ್ಬೆರಳನ್ನು ಮೇಲಿನ ದಪ್ಪ ತಂತಿಯ ಮೇಲೆ ಊರಿ, ನೀವು ಕೆಳಗಿಳಿದಂತೆ ಅದೂ ಇಳಿಯಲಿ. ಅರ್ಧ ಗದ್ದಲ ಅಲ್ಲೇ ನಿಲ್ಲುತ್ತದೆ. ಬಯಲಿನಲ್ಲಿ ಸ್ಪಷ್ಟವಾಗಿ ಕೇಳಬೇಕಾದರೆ ಬ್ರಿಡ್ಜಿನ ಕಡೆ ಸರಿದು ಮೀಟಿ. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ಕೊಟ್ಟ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಬಾರಿಸುತ್ತಿದ್ದ, ತಂತಿಯನ್ನೂ ಹರಿಯುವವರೆಗೆ ಬದಲಿಸುತ್ತಿರಲಿಲ್ಲವಂತೆ. ನನ್ನ ಹತ್ತಿರ ಐದು ಪೆಡಲ್ ಇದ್ದವು.

ಈಗಲೂ ಅದೇ ತಂಡದಲ್ಲಿದ್ದೇನೆ. ಮಾಲೀಕರು ತೆಗೆದು ಹಾಕಲಿಲ್ಲ, ಕೇಸ್ ಹಾಕಿಯಾನು ಅಂತ ಹೆದರಿರಬೇಕು. ಯಾವ ಊರಿಗೆ ಹೋದರೂ ಮೊದಲು ಪ್ಲಗ್ ಬಿಚ್ಚುತ್ತೇನೆ, ಹಸಿರು ವೈರು ನೋಡುತ್ತೇನೆ, ತಂತಿಗೆ ಟೆಸ್ಟರ್ ಹಚ್ಚುತ್ತೇನೆ, ಮೈಕಿಗೂ ಹಚ್ಚುತ್ತೇನೆ, ಹಾಡುವ ಹುಡುಗಿಯ ಮೈಕಿಗೂ. ಹತ್ತು ನಿಮಿಷ ತಡವಾಗುತ್ತದೆ. ಸೌಂಡ್ ಹುಡುಗರು ಬೈಯುತ್ತಾರೆ. ಬೇಸ್ ಬಾರಿಸುವವನು ಅಂತ ಇಪ್ಪತ್ತು ವರ್ಷ ಯಾರೂ ಗುರುತು ಹಿಡಿಯಲಿಲ್ಲ. ಈಗ ಹೊಸಪೇಟೆಯಿಂದ ಕಂಪ್ಲಿಯವರೆಗೆ ಸೌಂಡಿನವರೆಲ್ಲ ನನ್ನನ್ನು ದೂರದಿಂದಲೇ ಗುರುತು ಹಿಡಿದು ಕೂಗುತ್ತಾರೆ, 'ಟೆಸ್ಟರಣ್ಣ ಬಂದ ನೋಡ್ರೋ, ವೈರು ಬೇಸು ಮಾಡ್ರೋ.'

ಕೂಗಲಿ. ಮಾಡುತ್ತಾರಲ್ಲ.